ಕೆಮ್ಮುವ ಪೆಟ್ಟಿಗೆ

ಹದಿನಾಲ್ಕನೇ ಹೆಸರು ಕೂಗಿದಾಗ ನಿನ್ನ ಪೆಟ್ಟಿಗೆಗೆ ಸ್ವಲ್ಪ ಕೆಮ್ಮು ಬರಲಿ ಮೈಕಣ್ಣ, ಅಂದ ಫೈಲು, ನನ್ನ ಮೇಜಿನ ಮೇಲೆ ಬಾಗಿ, ಬಾಯಲ್ಲಿ ಪೆಪ್ಪರ್‌ಮಿಂಟು ಹೊರಳಿಸುತ್ತಾ, ಅಂದು ಹೋಗಿಯೂ ಆಯಿತು, ಅವನು ಬೆನ್ನು ತಟ್ಟಿದ ಜಾಗ ಮಾತ್ರ ಇನ್ನೂ ಬೆಚ್ಚಗಿದೆ, ಬೆವರಿಗೆ ಅಂಗಿ ಅಂಟುವ ಹಾಗೆ ಅಂಟಿಕೊಂಡಿದೆ — ಯಾವುದು ಸರ್ ಹದಿನಾಲ್ಕು, ಎಂದು ಕೇಳಿದೆ, ಗೊತ್ತಿದ್ದೂ ಕೇಳಿದೆ, ಅವನ ಬಾಯಿಂದಲೇ ಬರಲಿ ಎಂದು, ಅದೇ ಕಣಯ್ಯಾ, ಆ ಲಿಫ್ಟ್ ಹೆಂಗಸು, ಅಂದ. ಲಿಫ್ಟ್ ಹೆಂಗಸು. ಐವತ್ತೆರಡು ದಿನದಲ್ಲಿ ನನ್ನ ಅಕ್ಕನಿಗೆ ಸಿಕ್ಕ ಹೆಸರು ಅದು, ಅದಕ್ಕೆ ಮುಂಚೆ ಅವಳು ಯಾರ ಬಾಯಲ್ಲೂ ಇರಲಿಲ್ಲ, ಅಂಗನವಾಡಿಯ ಹಾಗಿದ್ದ ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳ ಮೂಗು ಒರೆಸಿಕೊಂಡು ತನ್ನ ಪಾಡಿಗೆ ತಾನಿದ್ದವಳು. ಫೈಲಿಗೆ ಅವಳು ನನ್ನ ಅಕ್ಕ ಎಂದು ಗೊತ್ತಿಲ್ಲ, ದೊಡ್ಡವರ, ಅಂದರೆ ನಮ್ಮ ಶಾಸಕರ, ಆಪ್ತ ಸಹಾಯಕ ಅವನು, ಬಗಲಲ್ಲಿ ನೀಲಿ ಫೈಲಿಲ್ಲದೆ ಯಾರೂ ಅವನನ್ನು ನೋಡಿದ್ದಿಲ್ಲ, ಅದರೊಳಗೆ ಊರಿನ ಎಲ್ಲರ ಹೆಸರೂ ಇದೆ ಅನ್ನುತ್ತಾರೆ, ನನ್ನದು ಮಾತ್ರ ಇಲ್ಲ, ಇಪ್ಪತ್ತು ವರ್ಷದಿಂದ ನಾನು ಮೈಕಣ್ಣ, ಮೈಕಿಗೆ ಅಕ್ಕ ಇರುತ್ತಾಳೆ ಎಂದು ಯಾರು ಯೋಚಿಸುತ್ತಾರೆ. ಹೂಂ ಸರ್, ಅಂದೆ. ಅಂದುಬಿಟ್ಟೆ. ನಾಲಿಗೆಗೆ ರೂಢಿಯಾಗಿದೆ, ಹೂಂ ಸರ್ ಎನ್ನುವುದಕ್ಕೆ ತಲೆಯ ಅಪ್ಪಣೆ ಬೇಕಾಗಿಲ್ಲ.

ಕೆಮ್ಮು ಎಂದರೇನು ಎಂದು ಜನರ ಅಹವಾಲು ಸಭೆ ನಡೆಯುವ ಈ ಪುರಭವನದಲ್ಲಿ ಮೂವರಿಗೆ ಗೊತ್ತು, ದೊಡ್ಡವರಿಗೆ, ಫೈಲಿಗೆ, ನನಗೆ. ಸಾರ್ವಜನಿಕರ ಮೈಕಿನ ಗುಂಡಿಯನ್ನು ಮೇಲಕ್ಕೆ ಜಾರಿಸಿದರೆ ಸ್ಪೀಕರಿನ ಸದ್ದೇ ತಿರುಗಿ ಮೈಕಿನೊಳಗೆ ಹೊಕ್ಕು ಕೊಯ್ಯ್ ಎಂದು ಸಿಳ್ಳೆ ಏಳುತ್ತದೆ, ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ನಾನು ಗಾಬರಿಯಾದವನ ಹಾಗೆ ಗುಂಡಿಯನ್ನು ಪೂರ್ತಿ ಕೆಳಗೆಳೆದು ಒಂದು ಕೈ ಎತ್ತಿ ಕ್ಷಮಿಸಿ ಎನ್ನುವ ಮುಖ ಮಾಡುತ್ತೇನೆ, ಮೈಕಿನ ಮುಂದೆ ನಿಂತವರ ಬಾಯಿ ಅಲ್ಲಾಡುತ್ತಲೇ ಇರುತ್ತದೆ, ಸದ್ದು ಮಾತ್ರ ಇಲ್ಲ, ಅಷ್ಟರಲ್ಲಿ ದೊಡ್ಡವರು ನಗುತ್ತಾ, ನಮ್ಮ ಹಾಗೆ ಮೈಕಿಗೂ ವಯಸ್ಸಾಯ್ತು ನೋಡಿ, ಅನ್ನುತ್ತಾರೆ, ಸಭೆಗೆ ಸಭೆಯೇ ನಗುತ್ತದೆ, ಫೈಲು ಮುಂದಿನ ಹೆಸರು ಕೂಗುತ್ತಾನೆ. ಸನ್ನೆ ಎಂದರೆ ಫೈಲು ಕನ್ನಡಕ ತೆಗೆಯುವುದು, ತೆಗೆದು ಒರೆಸಿಕೊಂಡರೆ ಕೆಮ್ಮು. ಮೊದಲನೇ ಸಲ ಆದದ್ದು ನಿಜವಾದ ತಪ್ಪೇ, ದೇವರಾಣೆ, ಕೇಬಲ್ಲು ಕಾಲಿಗೆ ಸಿಕ್ಕಿ ಸ್ಪೀಕರು ವಾಲಿತ್ತು, ಯಾರೋ ಚರಂಡಿಯ ವಿಷಯ ಕೇಳುತ್ತಿದ್ದರು, ಸಿಳ್ಳೆ ಹೊಡೆಯಿತು, ನಾನು ನಾಚಿಕೆಯಿಂದ ಸತ್ತುಹೋದೆ, ಸಭೆ ಮುಗಿದ ಮೇಲೆ ಫೈಲು ಬಂದು ಬೆನ್ನು ತಟ್ಟಿದ, ಒಳ್ಳೇ ಹೊತ್ತಿಗೆ ಕೆಮ್ಮಿತಯ್ಯಾ ನಿನ್ನ ಪೆಟ್ಟಿಗೆ, ಅಂದ, ನಾನೂ ಅವನ ಜೊತೆ ನಕ್ಕೆ, ಆಮೇಲಿನಿಂದ ಪುರಭವನದ ಸಭೆಗಳೆಲ್ಲ ನನ್ನವೇ, ಬೇರೆ ಮೈಕ್‌ಸೆಟ್ಟಿನವನು ಈ ಮೆಟ್ಟಿಲು ಹತ್ತಿಲ್ಲ. ಆ ನಗುವಿಗೆ ಈಗ ಕಪಾಳಕ್ಕೆ ಹೊಡೆಯಬೇಕು, ಯಾರದಕ್ಕೆ, ನನ್ನದಕ್ಕೇ. ಇನ್ನೊಂದು ಉಪಾಯವೂ ಫೈಲಿನದೇ, ಜನರ ಸ್ಟ್ಯಾಂಡನ್ನು ಎತ್ತರಕ್ಕಿಡು, ಕತ್ತೆತ್ತಿ ಮಾತಾಡುವವನಿಗೆ ಸಿಟ್ಟು ಬರೋದಿಲ್ಲ, ಅರ್ಧ ಉಸಿರು ನಿಲ್ಲೋದಕ್ಕೇ ಹೋಗತ್ತೆ, ಎಷ್ಟು ಬುದ್ಧಿ ನೋಡು, ಈ ಬುದ್ಧಿಯಲ್ಲಿ ಕಾಲು ಭಾಗ ಆ ಲಿಫ್ಟಿನ ಕಡೆ ಹೋಗಿದ್ದರೆ — ಸ್ಟ್ಯಾಂಡಿನ ತಿರುಪನ್ನು ಇಕ್ಕಳದಿಂದ ಬಿಗಿದು ಮೇಲೆ ಕಪ್ಪು ಟೇಪು ಸುತ್ತಿದವನು ನಾನೇ, ಯಾರೂ ಇಳಿಸದ ಹಾಗೆ. ಗಂಡಸರು ಹೇಗೋ ನಿಭಾಯಿಸುತ್ತಾರೆ. ಹೆಂಗಸರು ತುದಿಗಾಲಲ್ಲಿ ನಿಲ್ಲುತ್ತಾರೆ, ಹಿಮ್ಮಡಿ ಚಪ್ಪಲಿಯಿಂದ ಮೇಲೇಳುತ್ತದೆ, ಚಪ್ಪಲಿ ಖಾಲಿ ಬಾಯಿ ತೆರೆದುಕೊಂಡು ನೆಲಕ್ಕೆ ಉಳಿಯುತ್ತದೆ, ನನ್ನ ಮೇಜು ಹಿಂದುಗಡೆ, ನನಗೆ ಮುಖ ಕಾಣುವುದಿಲ್ಲ, ಹಿಮ್ಮಡಿ ಕಾಣುತ್ತದೆ.

ಈಗ ಒಂಬತ್ತನೆಯವನು ಮಾತಾಡುತ್ತಿದ್ದಾನೆ, ಬಸ್ ಕಂಡಕ್ಟರು, ನೋಡದೆಯೇ ಹೇಳಬಲ್ಲೆ, ಒಂದೊಂದು ಮಾತನ್ನೂ ಟಿಕೇಟಿನ ಹಾಗೆ ಹರಿದು ಹರಿದು ಕೊಡುತ್ತಾನೆ, ಡಿಪೋ ಮುಂದೆ, ರಸ್ತೆ, ಹೊಂಡ, ಆರು ತಿಂಗಳು — ನನಗೆ ಮುಖ ನೆನಪಿರುವುದಿಲ್ಲ, ಗಂಟಲು ನೆನಪಿರುತ್ತದೆ, ಏಳನೇ ಕ್ಲಾಸಿನವರೆಗೆ ಮೇಷ್ಟ್ರು ಕಲಿಸಿದ್ದು, ಮಿಕ್ಕಿದ್ದನ್ನೆಲ್ಲ ಕಲಿಸಿದ್ದು ಈ ವೈರುಗಳು ಮತ್ತು ಜನರ ಗಂಟಲುಗಳು, ಬ್ರೆಡ್ಡಿನ ಅಂಗಡಿಯವನದು ಹಿಟ್ಟು ನಾದುವ ಗಂಟಲು, ಕೋರ್ಟಿನ ಜವಾನನದು ಬಾಗಿಲು ಕಿರುಗುಟ್ಟುವ ಗಂಟಲು, ನನ್ನ ಹೆಂಡತಿಯದು ಪಕ್ಕದ ಮನೆಗೂ ಕೇಳಲೆಂದೇ ಇರುವ ಗಂಟಲು, ಅವಳಿಗೆ ಮೈಕು ಬೇಡ. ದೊಡ್ಡವರದು, ದೊಡ್ಡವರ ನಿಜವಾದ ಗಂಟಲು, ಶೀತವಾದ ಮಗುವಿನದು, ಸಪೂರ, ಮೂಗಿನಿಂದ ಹೊರಡುವಂಥದ್ದು, ಅದಕ್ಕೆ ಅಡಿಯಲ್ಲಿ ಗುಡುಗು ತುಂಬಿಸಿ, ಮೇಲಿನ ಕೀಚಲನ್ನು ಕತ್ತರಿಸಿ, ಒಂದೇ ಒಂದು ಹನಿ ಪ್ರತಿಧ್ವನಿ ಬೆರೆಸಿ ಹುಲಿ ಮಾಡಿದವನು ನಾನು, ಜನ ಚಪ್ಪಾಳೆ ತಟ್ಟುವುದು ನಾನು ಮಾಡಿಕೊಟ್ಟ ಗಂಟಲಿಗೆ, ಓಟು ಹಾಕಿದ್ದೂ ಆ ಗಂಟಲಿಗೇ ಇರಬೇಕು. ಅವರ ಮೈಕಿನ ಗುಂಡಿಗೆ ಹೆಂಡತಿಯ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದೇನೆ, ಜನರ ಗುಂಡಿಗೆ ಬಿಳಿ, ಇಪ್ಪತ್ತು ಗುಂಡಿಯ ನಡುವೆ ಬೆರಳು ತಪ್ಪಬಾರದಲ್ಲ, ಕೆಂಪು ಅಂದರೆ ಮುಟ್ಟಬೇಡ, ಬಿಳಿ ಅಂದರೆ ಏನು ಬೇಕಾದರೂ ಮಾಡು. ಪರಿಶೀಲಿಸ್ತೀವಿ, ಎನ್ನುತ್ತಿದೆ ಕೆಂಪು ಚುಕ್ಕೆ, ಕಂಡಕ್ಟರಿಗೆ. ಪರಿಶೀಲಿಸ್ತೀವಿ, ಗಮನಕ್ಕೆ ಬಂದಿದೆ, ಸಮಿತಿ ಮಾಡಿದೀವಿ, ಯಾರೇ ಆಗಿರಲಿ ಬಿಡೋದಿಲ್ಲ — ಇಪ್ಪತ್ತು ವರ್ಷದ ಭಾಷಣ ಈ ಕಿವಿಯಲ್ಲಿದೆ, ಹುಡುಕಿದರೂ ಅದರಲ್ಲಿ ನಾನು ಎಂದು ಶುರುವಾಗಿ ತಪ್ಪು ಮಾಡಿದೆ ಎಂದು ಮುಗಿದ ಒಂದು ಮಾತಿಲ್ಲ, ರಸ್ತೆ ಮಾಡಿಸಿದ್ದು ನಾನು, ದೀಪ ಹಾಕಿಸಿದ್ದು ನಾನು, ಅದೇ ರಸ್ತೆ ಕುಸಿದರೆ ಕುಸಿಯಿತು, ದೀಪ ಆರಿದರೆ ಆರಿತು, ಕುಸಿಯುವ ಕೆಲಸ ರಸ್ತೆ ತಾನಾಗಿ ಮಾಡಿಕೊಂಡದ್ದು, ಸಾಯುವ ಕೆಲಸ ಜನ ತಾವಾಗಿ ಮಾಡಿಕೊಂಡದ್ದು. ಎದುರು ಪಕ್ಷದವರು ಏನು ಕಡಿಮೆಯೇ, ಅವರ ಸಭೆಗೂ ಇದೇ ಪೆಟ್ಟಿಗೆ, ರಾಜೀನಾಮೆ ಕೊಡಲಿ ಎಂದು ಮೂರು ಸಲ ಕೂಗಿ ಕೆಳಗಿಳಿದು ಬಂದು, ನನ್ನ ವಾಯ್ಸು ಹೇಗಿತ್ತು ಮೈಕಣ್ಣ, ಎಂದು ಕೇಳುತ್ತಾರೆ. ಟಿವಿಯಲ್ಲಿ ಎಂಟು ಜನ ಒಂದೇ ಸಲ ಅರಚಿಕೊಂಡರು, ಎರಡು ದಿನ ಲಿಫ್ಟು, ಮೂರನೇ ದಿನ ಯಾರೋ ನಟಿಯ ಮದುವೆ.

ಹತ್ತನೆಯದು ಪಿಂಚಣಿ, ಕೈ ನಡುಗುವ ಮುದುಕ, ಗುಂಡಿ ಸ್ವಲ್ಪ ಮೇಲೆ, ಇವನದು ಕೇಳಲಿ, ಇವನದು ಕೇಳಿದರೆ ಯಾರಿಗೂ ನೋವಿಲ್ಲ. ನನಗೆ ಕಲಿಸಿದ ಆ ಮೇಷ್ಟ್ರೂ ಬಂದಿದ್ದಾರೆ, ಮೊದಲನೇ ಸಾಲಿನ ತುದಿಗೆ, ಗಾಲಿಕುರ್ಚಿಯಲ್ಲಿ, ಕಾಲಿಗೆ ಇನ್ನೂ ಬಿಳಿ ಕಟ್ಟು, ಐವತ್ತೆರಡು ದಿನದ ಹಿಂದೆ ಆಸ್ಪತ್ರೆಯಲ್ಲಿ ತಳ್ಳುಮಂಚದ ಮೇಲೆ ಮಲಗಿದ್ದವರು ಅವರು, ಸೊಂಟದ ಕೆಳಗೆ ಮೂಳೆ ಮುರಿದು, ಭಾವ, ಅಕ್ಕನ ಗಂಡ, ಅವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗುತ್ತಿದ್ದ. ಭಾವ ಆಸ್ಪತ್ರೆಯ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ತಳ್ಳುಮಂಚ ತಳ್ಳಿದವನು, ತಳ್ಳಿದವನು ಅಲ್ಲ, ಎಳೆದವನು, ಲಿಫ್ಟಿನೊಳಗೆ ಯಾವಾಗಲೂ ಹಿಂದುಹಿಂದಾಗಿ ಹೋಗಿ ಎಳೆದುಕೊಳ್ಳುತ್ತಿದ್ದ, ಯಾಕೆ ಭಾವ ಹಾಗೆ, ತಲೆಕೆಟ್ಟಿದೆಯಾ, ಎಂದು ಒಮ್ಮೆ ಕೇಳಿದೆ, ಟೀ ಲೋಟ ಕೆಳಗಿಟ್ಟು ಹೇಳಿದ, ಮಲಗಿರೋನಿಗೆ ಲಿಫ್ಟಿನ ಒಳಗೆ ಹೋಗೋದಂದ್ರೆ ಪೆಟ್ಟಿಗೆಯೊಳಗೆ ಹೋದ ಹಾಗೆ ಕಣಯ್ಯಾ, ಆಗ ಅವನ ಕಣ್ಣಿಗೆ ಒಂದು ಮುಖ ಕಾಣ್ತಾ ಇರಬೇಕು, ಬೆನ್ನು ಕಂಡ್ರೆ ಹೆದರ್ತಾನೆ, ಅಂದ. ಅಕ್ಕ ಒಳಗಿನಿಂದಲೇ, ಮನೇಲೂ ಹಿಂದ್ಹಿಂದಕ್ಕೇ ನಡೀತಾರೆ, ವಾರಕ್ಕೊಂದು ಸಲ ಬಾಗಿಲು ಹೊಡೆಸ್ಕೋತಾರೆ, ಅಂದಳು, ಮೂವರೂ ನಕ್ಕೆವು. ಆವತ್ತೂ ಮೂರನೇ ಮಹಡಿಯಲ್ಲಿ ಗುಂಡಿ ಒತ್ತಿದ, ಬಾಗಿಲು ತೆರೆಯಿತು, ಗಂಟೆಯೂ ಬಾರಿಸಿತು ಅನ್ನುತ್ತಾರೆ ಮೇಷ್ಟ್ರು, ಹೆದರ್ಬೇಡಿ ಸರ್, ಎರಡು ನಿಮಿಷ, ಎನ್ನುತ್ತಾ ನಗುತ್ತಾ ಒಂದು ಹೆಜ್ಜೆ ಹಿಂದಕ್ಕಿಟ್ಟ, ಲಿಫ್ಟು ಅಲ್ಲಿರಲಿಲ್ಲ. ಕೈ ಬಿಟ್ಟುಬಿಟ್ಟ, ಅನ್ನುತ್ತಾರೆ ಮೇಷ್ಟ್ರು, ಮಂಚ ಹಿಡಿದುಕೊಂಡಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಿದ್ದ, ಬೀಳ್ತಾ ಬೀಳ್ತಾ ನನ್ನನ್ನ ಈಚೆಗೆ ತಳ್ಳಿದ, ನಗುವಿನ್ನೂ ಮುಖದಲ್ಲೇ ಇತ್ತು ಕಣಪ್ಪಾ, ಮುಖಕ್ಕೆ ಸುದ್ದಿ ಮುಟ್ಟಿರಲಿಲ್ಲ.

ಸಮಿತಿಯ ವರದಿ ಒಂದೂವರೆ ಪುಟ. ಮೃತರು ಹಿಮ್ಮುಖವಾಗಿ ಚಲಿಸುತ್ತಿದ್ದು ಅಜಾಗರೂಕತೆಯಿಂದ ಪತನಗೊಂಡಿರುತ್ತಾರೆ. ಅಕ್ಕ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು, ಮಕ್ಕಳಿಗೆ ಓದಿಸುವ ಹಾಗೆ, ಹಿಮ್ಮುಖವಾಗಿ ಅಂದ್ರೆ ಹಿಂದ್ಹಿಂದಕ್ಕೆ ಅಂತ ತಾನೇ, ಹಾಗೇ ಅಲ್ವೇನೋ ಅವರು ನಡೆದಿದ್ದು ಇಷ್ಟು ವರ್ಷ, ಅದಕ್ಕೆ ಅಜಾಗರೂಕತೆ ಅಂತ ಹೆಸರಾ. ಲಿಫ್ಟು ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕಿದವನ ಹೆಸರು ಆ ಒಂದೂವರೆ ಪುಟದಲ್ಲಿಲ್ಲ. ನಾಲ್ಕು ವರ್ಷದ ಹಿಂದೆ ರಿಪೇರಿಯಾದ ಆ ಲಿಫ್ಟನ್ನು ರಿಬ್ಬನ್ನು ಕತ್ತರಿಸಿ ಉದ್ಘಾಟಿಸಿದವರ ಹೆಸರೂ ಇಲ್ಲ, ಅವತ್ತು ನಾನೇ ಆಸ್ಪತ್ರೆಯ ಹಜಾರದಲ್ಲಿ ಮೈಕು ಹಾಕಿದ್ದೆ, ದೊಡ್ಡವರು ಒಂದನೇ ಮಹಡಿಗೆ ಹೋಗಿ ಇಳಿದು ಬಂದರು, ಇನ್ನು ಮೇಲೆ ನಿಮ್ಮ ಆಸ್ಪತ್ರೆ ಮೇಲಕ್ಕೇ ಹೋಗತ್ತೆ, ಅಂದರು, ನಾನು ಪ್ರತಿಧ್ವನಿ ಎರಡು ಹನಿ ಜಾಸ್ತಿ ಹಾಕಿದೆ. ರಿಪೇರಿ ಎಂದರೆ ಬಣ್ಣ, ಕೈಗೆ ಅಂಟುತ್ತಿತ್ತು, ಹಸಿ ಬಣ್ಣ. ಭಾವ ತೀರಿಕೊಂಡ ಮೂರನೇ ದಿನ ದೊಡ್ಡವರು ಅಕ್ಕನ ಮನೆಗೆ ಬಂದು ಕ್ಯಾಮೆರಾಗಳ ಮುಂದೆ, ಆಗಬಾರದಿತ್ತು, ಆಗಿದೆ, ಅಂದರು, ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ, ಮೈಕಿಲ್ಲದ ಸ್ವರ, ಅದೇ ಶೀತದ ಸ್ವರ, ಆ ಕ್ಷಣ ಹೊರಗೆ ಬಂದು ಕುತ್ತಿಗೆಪಟ್ಟಿ ಹಿಡಿಯಬೇಕಾಗಿತ್ತು, ಫೈಲು ನೋಡಿಬಿಡುತ್ತಾನೆ ಎಂದು ಬಾಗಿಲ ಹಿಂದೆಯೇ ನಿಂತೆ. ನಿಂತವನು ಯಾರು. ನಾನು.

ಹನ್ನೊಂದು. ಹನ್ನೊಂದನೆಯವಳು ನರ್ಸರಿ ಗಿಡ ಮಾರುವವಳು, ಪಾರ್ಕಿನ ಗೇಟು ಬೇಗ ಮುಚ್ಚುತ್ತಾರಂತೆ, ಗಟ್ಟಿ ಗಂಟಲು, ಆದರೂ ಹಿಮ್ಮಡಿ ಏಳುತ್ತದೆ, ಎದ್ದೇ ಏಳುತ್ತದೆ — ನೋಡಬಾರದು ಎಂದುಕೊಳ್ಳುತ್ತೇನೆ, ಕಣ್ಣು ಅಲ್ಲಿಗೇ ಹೋಗುತ್ತದೆ, ಒಡೆದ ಹಿಮ್ಮಡಿ, ಇಸ್ತ್ರಿಯವಳ ಹಿಮ್ಮಡಿಯೂ ಹೀಗೇ ಒಡೆದಿತ್ತು. ಮೂರು ವರ್ಷದ ಹಿಂದೆ, ಇದೇ ಪುರಭವನ, ಇದೇ ಸ್ಟ್ಯಾಂಡು. ನಮ್ಮ ರಸ್ತೆಯ ಮೂಲೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವಳು, ಆಸ್ಪತ್ರೆಯ ಡಾಕ್ಟರುಗಳ ಬಿಳಿ ಕೋಟುಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ತಲುಪಿಸುವವಳು, ಅವಳಿಗೆ ಅವತ್ತು ಏಳನೇ ನಂಬರು, ಫೈಲು ಅವಳನ್ನು ಕಂಡ ಕೂಡಲೇ ಕನ್ನಡಕಕ್ಕೆ ಕೈ ಹಾಕಿದ, ಅವಳು ಬಾಯಿ ತೆರೆದದ್ದೇ ತಡ ಒರೆಸಿಕೊಂಡ, ನಾನು ಕೆಮ್ಮಿಸಿದೆ, ಎಳೆದೆ, ಕೈಯೆತ್ತಿದೆ, ಸಭೆ ನಕ್ಕಿತು. ಆದರೆ ಗುಂಡಿ ಕೆಳಗೆಳೆದರೆ ಸ್ಪೀಕರಿಗೆ ಸದ್ದು ಹೋಗುವುದಿಲ್ಲವೇ ಹೊರತು ನನ್ನ ಹೆಡ್‌ಫೋನಿಗೆ ಬರುತ್ತಲೇ ಇರುತ್ತದೆ, ಪೆಟ್ಟಿಗೆ ಇರುವುದೇ ಹಾಗೆ, ಇಷ್ಟು ವರ್ಷ ಈ ಪುರಭವನದಲ್ಲಿ ಯಾರಿಗೂ ಕೇಳದ್ದೆಲ್ಲ ನನಗೊಬ್ಬನಿಗೆ ಕೇಳಿದೆ. ಮೂರನೇ ಮಾಳಿಗೇಲಿ ಲಿಫ್ಟಿನ ಬಾಗಿಲು ತೆಗೀತು ಸಾರ್, ಲಿಫ್ಟೇ ಇಲ್ಲ, ನಾನು ಕಾಲಿಡೋದ್ರಲ್ಲಿದ್ದೆ, ಗಂಟು ಜಾರಿ ಒಳಗೆ ಬಿತ್ತು, ಹನ್ನೆರಡು ಕೋಟು, ಎಷ್ಟೋ ಹೊತ್ತಾದ ಮೇಲೆ ಧಪ್ ಅಂತ ಸದ್ದು, ಯಾರಿಗೆ ಹೇಳಿದ್ರೂ ನಗ್ತಾರೆ, ಇವತ್ತು ಕೋಟು ಬಿತ್ತು, ನಾಳೆ ಕೋಟಿನೊಳಗೆ ಮನುಷ್ಯ ಇದ್ರೆ ಯಾರು ಸಾರ್ ಹೊಣೆ, ಎಂದು ಅವಳು ಕೇಳಿದಳು, ದೊಡ್ಡವರು ಅವಳ ಬಾಯಿ ಅಲ್ಲಾಡುವುದನ್ನು ನೋಡುತ್ತಾ ನಗುತ್ತಾ ತಲೆದೂಗಿ, ಆಯ್ತಮ್ಮ, ನಿಮ್ಮ ಬೀದಿಗೆ ನಲ್ಲಿ ಹಾಕಿಸೋಣ, ಅಂದರು. ಹಿಮ್ಮಡಿ ಕೆಳಗಿಳಿಯಲೇ ಇಲ್ಲ, ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು, ತುದಿಗಾಲಲ್ಲಿ, ಉತ್ತರ ಮೇಲಿನಿಂದ ಬರುತ್ತದೆ ಎನ್ನುವ ಹಾಗೆ. ಮಾರನೇ ದಿನ ಅಂಗಿ ಕೊಡಲು ಹೋದಾಗ, ಮೈಕು ಕೈಕೊಡ್ತು ಮೈಕಣ್ಣ, ನೀನೇನು ಮಾಡ್ತೀಯ ಪಾಪ, ಮಿಷಿನ್ನಲ್ವಾ, ಅಂದಳು, ನನ್ನ ಕಾಲರನ್ನು ಎರಡು ಸಲ ತೀಡಿ ಕೊಟ್ಟಳು. ಅವತ್ತಿನಿಂದ ಎರಡು ಬೀದಿ ಆಚೆಯ ಇಸ್ತ್ರಿಯವನ ಹತ್ತಿರ ಹೋಗುತ್ತೇನೆ, ಅವನು ಕಾಲರು ಸುಡುತ್ತಾನೆ, ಸುಡಲಿ.

ಹೊಣೆ ಯಾರು ಎಂದು ಅವಳು ಕೇಳಿದಾಗ ಅದನ್ನು ಕೇಳಿಸಿಕೊಂಡವನು ಇಡೀ ಊರಿಗೆ ನಾನೊಬ್ಬನೇ. ಅವತ್ತು ಸಾಯಂಕಾಲ ಅಕ್ಕನ ಮನೆಗೆ ಹೋಗಿ, ಭಾವ, ಆ ಲಿಫ್ಟು ಹುಷಾರು, ಎಂದಿದ್ದರೆ ಮುಗಿಯುತ್ತಿತ್ತು, ನಾಲ್ಕು ಪದ, ಅವನು ಒಮ್ಮೆ ತಿರುಗಿ ನೋಡಿ ಕಾಲಿಡುತ್ತಿದ್ದ. ಹೇಳಲಿಲ್ಲ. ಹೇಳಿದ್ದರೆ, ನಿನಗೆ ಹೇಗೆ ಗೊತ್ತಾಯ್ತೋ, ಎಂದು ಅಕ್ಕ ಕೇಳುತ್ತಿದ್ದಳು, ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಇಷ್ಟೇ. ಇಷ್ಟಕ್ಕೇ. ದೊಡ್ಡವರ ಮೇಲೆ ಉಗುಳುವಷ್ಟು ಸಿಟ್ಟಿದೆ, ಉಗುಳಿದರೆ ಅರ್ಧ ನನ್ನ ಅಂಗಿಯ ಮೇಲೇ ಬೀಳುತ್ತದೆ.

ಹನ್ನೆರಡನೆಯವನು ದೊಡ್ಡವರನ್ನು ಹೊಗಳಲೆಂದೇ ಬಂದವನು, ಪ್ರತಿ ಸಭೆಗೂ ಒಬ್ಬ ಇರುತ್ತಾನೆ, ಫೈಲೇ ಹೊಂದಿಸುತ್ತಾನೆ, ತಮ್ಮಂಥ ನಾಯಕರು ಸಿಕ್ಕಿದ್ದು ನಮ್ಮ ಪುಣ್ಯ, ಎನ್ನುತ್ತಿದ್ದಾನೆ, ಎಣ್ಣೆ ಹಚ್ಚಿದ ಗಂಟಲು, ಇವನಿಗೆ ಕೆಮ್ಮು ಬರಿಸಲಾ, ಬೇಡ, ವ್ಯರ್ಥ. ನಿನ್ನೆ ಅಕ್ಕ ಮನೆಗೆ ಬಂದಿದ್ದಳು, ಮಕ್ಕಳನ್ನು ಮನೆಗೆ ಕಳಿಸಿ ನೇರವಾಗಿ, ಕೈಯಲ್ಲಿ ಸೀಮೆಸುಣ್ಣದ ಪುಡಿ, ನನ್ನ ಹೆಂಡತಿ ಕೊಟ್ಟ ಟೀ ಹಾಗೇ ಆರುತ್ತಿತ್ತು. ನಾಳೆ ನನ್ನದು ಹದಿನಾಲ್ಕು, ಅಂದಳು. ಏನು ಕೇಳ್ತೀಯ ಅಕ್ಕಾ. ಪರಿಹಾರ ಗಿರಿಹಾರ ಏನೂ ಇಲ್ಲ ಕಣೋ, ಎರಡೇ ಮಾತು, ಆ ಅಜಾಗರೂಕತೆ ಅನ್ನೋದನ್ನ ಅಳಿಸಿ, ಲಿಫ್ಟು ಸರಿ ಇದೆ ಅಂತ ಬರೆದವನ ಹೆಸರು ಓದಿ, ಅಷ್ಟೇ, ನನ್ನ ಮಗ ನಾಳೆ ಅವನ ಮಕ್ಕಳಿಗೆ ಅಜ್ಜ ಹೇಗೆ ಸತ್ತ ಅಂತ ಹೇಳೋವಾಗ ಆ ಪದ ಇರಬಾರದು. ಹೆಂಡತಿ ಮೂಗೆಳೆದುಕೊಂಡು ಒಳಗೆ ಹೋದಳು. ಮೈಕು ಸರಿ ಇರತ್ತಲ್ವೇನೋ, ಅಂದಳು ಅಕ್ಕ. ಇರತ್ತೆ ಅಕ್ಕಾ. ಸ್ಟ್ಯಾಂಡು ಸ್ವಲ್ಪ ಕೆಳಗಿಡು, ನಾನು ಕುಳ್ಳಿ, ಬೀರುವಿನ ಮೇಲಿಂದ ಡಬ್ಬ ತೆಗೆಯೋ ಹಾಗೆ ನಿಂತ್ಕೊಂಡು ಜಗಳ ಆಡೋಕಾಗಲ್ಲ, ಎಂದು ನಕ್ಕಳು, ಐವತ್ತೊಂದು ದಿನದಲ್ಲಿ ಮೊದಲ ನಗು, ನಾನೂ ನಕ್ಕೆ. ಬೆಳಿಗ್ಗೆ ಬಂದು ಸ್ಟ್ಯಾಂಡು ಮುಟ್ಟಲಿಲ್ಲ. ಟೇಪು ಹಾಗೇ ಇದೆ. ಇಕ್ಕಳ ಜೇಬಿನಲ್ಲಿದೆ, ತೊಡೆಗೆ ಒತ್ತುತ್ತಿದೆ. ಅಕ್ಕ ಕುಳ್ಳಿಯೇ, ನನಗೆ ಹತ್ತಾದಾಗಲೇ ಅವಳ ಭುಜಕ್ಕೆ ಬಂದಿದ್ದೆ, ಆ ವರ್ಷ ಅಪ್ಪನ ರೇಡಿಯೋ ಬಿಚ್ಚಿದ್ದೆ, ಅದರೊಳಗೆ ಮಾತಾಡುವವರು ಎಲ್ಲಿ ಕೂತಿದ್ದಾರೆ ಎಂದು ನೋಡಲು, ತಿರುಪುಗಳೆಲ್ಲ ಹಾಸಿಗೆಯ ಮೇಲೆ, ಅಪ್ಪ ಬೆಲ್ಟು ಹಿಡಿದು ಯಾರೋ ಇದು ಮಾಡಿದ್ದು ಎಂದಾಗ ನಾನು ತಿರುಪುಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ, ನಾನೇ ಅಪ್ಪಾ, ನಾನೇ ಮಾಡಿದ್ದು, ಅಂದಳು ಅಕ್ಕ, ನನ್ನ ಮುಂದೆ ಬಂದು ನಿಂತು, ಅಪ್ಪನ ಮುಖ ನೋಡಲು ತುದಿಗಾಲಲ್ಲಿ, ಹಿಂದೆ ನಿಂತಿದ್ದ ನನಗೆ ಕಂಡದ್ದು ಅವಳ ಹಿಮ್ಮಡಿ. ಎರಡು ಏಟು ಬಿತ್ತು ಅವಳಿಗೆ. ಮೈಕಣ್ಣ ಹುಟ್ಟಿದ್ದು ಆ ಎರಡು ಏಟಿನಿಂದ. ಮಾಡದ್ದನ್ನು ನಾನೇ ಎಂದವಳು ಅವಳು, ಮಾಡಿದ್ದನ್ನು ನಾನಲ್ಲ ಎನ್ನುವವರು ವೇದಿಕೆಯ ಮೇಲೆ, ಮಧ್ಯದಲ್ಲಿ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡು ಕೂತವನು —

ಹದಿಮೂರನೆಯವರು ಬಂದಿಲ್ಲ, ಗೈರು, ಎನ್ನುತ್ತಾನೆ ಫೈಲು, ಇಷ್ಟು ಬೇಗ, ಇನ್ನೂ ಐದು ನಿಮಿಷ ಇದೆ ಎಂದುಕೊಂಡಿದ್ದೆ, ಹದಿನಾಲ್ಕು, ಎಂದು ಅಕ್ಕನ ಹೆಸರು ಕೂಗುತ್ತಾನೆ, ಲಿಫ್ಟ್ ಹೆಂಗಸಿಗೆ ಹೆಸರಿದೆ ನೋಡು, ಅವನ ಬಾಯಲ್ಲೇ ಇದೆ, ಪೆಪ್ಪರ್‌ಮಿಂಟಿನ ಜೊತೆ. ಅಕ್ಕ ನಡುವಿನ ದಾರಿಯಲ್ಲಿ ಬರುತ್ತಾಳೆ, ಭಾವನ ಕೈಗಡಿಯಾರ ಕಟ್ಟಿದ್ದಾಳೆ, ಸಡಿಲ, ಮೊಣಕೈವರೆಗೆ ಜಾರುತ್ತದೆ, ಮೇಷ್ಟ್ರು ಗಾಲಿಕುರ್ಚಿಯನ್ನು ಅವಳ ಕಡೆ ಅರ್ಧ ತಿರುಗಿಸುತ್ತಾರೆ, ದೊಡ್ಡವರು ದುಃಖದ ಮುಖ ಹಾಕಿಕೊಳ್ಳುತ್ತಾರೆ, ಅಂಗಿ ಬದಲಿಸಿದಷ್ಟು ಸಲೀಸಾಗಿ. ಅಕ್ಕ ಸ್ಟ್ಯಾಂಡಿನ ಮುಂದೆ ನಿಂತಳು. ಮೈಕನ್ನು ನೋಡಿದಳು. ಎತ್ತರಕ್ಕಿದೆ. ನನ್ನ ಕಡೆ ತಿರುಗಲಿಲ್ಲ, ತಿರುಗಿದ್ದರೆ ಎಷ್ಟೋ ವಾಸಿ. ಹಿಮ್ಮಡಿ ಎದ್ದವು. ನಮಸ್ಕಾರ, ಅಂದಳು, ಗಾಳಿಯೇ ಜಾಸ್ತಿ, ಸ್ವರ ಕಮ್ಮಿ, ನಮ್ಮ ಯಜಮಾನರು ನಿಮ್ಮ ಆಸ್ಪತ್ರೇಲಿ — ಫೈಲು ಕನ್ನಡಕ ತೆಗೆಯುತ್ತಾನೆ. ಒರೆಸಿಕೊಳ್ಳುತ್ತಾನೆ. ನನ್ನ ಹೆಬ್ಬೆರಳು ಬಿಳಿ ಚುಕ್ಕೆಯ ಮೇಲಿದೆ, ಉಗುರುಬಣ್ಣ ಒರಟಾಗಿ ಎದ್ದಿದೆ, ಸಣ್ಣ ಗಾಯದ ಹಕ್ಕಳೆಯ ಹಾಗೆ, ಒಂದು ಬೆರಳಗಲ ಮೇಲೆ ಸಾಕು, ಹೂಂ ಸರ್ ಎಂದು ಹೆಬ್ಬೆರಳು ತಾನಾಗಿಯೇ ಹೇಳುವುದರಲ್ಲಿದೆ, ಫೈಲು ಇನ್ನೊಮ್ಮೆ ಒರೆಸುತ್ತಾನೆ, ಈ ಸಲ ಜೋರಾಗಿ, ಗಾಜು ಒಡೆಯುವ ಹಾಗೆ. ಹಿಮ್ಮಡಿ ನಡುಗುತ್ತಿವೆ. ಎಷ್ಟು ಹೊತ್ತು ನಿಲ್ಲಬಹುದು ಒಬ್ಬ ಮನುಷ್ಯ ತುದಿಗಾಲಲ್ಲಿ, ಮೂರು ವರ್ಷ, ನಲವತ್ತು ವರ್ಷ — ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟೆ. ಎದ್ದೆ. ಈ ಪುರಭವನದಲ್ಲಿ ಸಭೆ ನಡೆಯುವಾಗ ನಾನು ಎದ್ದದ್ದೇ ಇಲ್ಲ, ಮಂಡಿ ಕಟಕ್ ಎಂದದ್ದು ನನಗೇ ಕೇಳಿಸಿತು, ನಡುವಿನ ದಾರಿ ಇಷ್ಟುದ್ದ ಇದೆ ಎಂದು ಗೊತ್ತಿರಲಿಲ್ಲ, ಜನ ತಿರುಗಿ ನೋಡುತ್ತಿದ್ದಾರೆ, ಎಲ್ಲಿಗಯ್ಯಾ, ಏಯ್, ಎಲ್ಲಿಗೆ, ಎನ್ನುತ್ತಿದ್ದಾನೆ ಫೈಲು ಹಲ್ಲಿನ ಸಂದಿಯಿಂದ, ಹೋಗಲಿ, ಇವತ್ತಿಗೆ ಮುಗಿಯಿತು, ನಾಳೆ ಬೇರೆ ಮೈಕ್‌ಸೆಟ್ಟು, ಹೋಗಲಿ. ಇಕ್ಕಳ ತೆಗೆದು ಬಾಗಿದೆ. ಟೇಪು ಹಳೆಯದು, ಉಗುರಿಗೆ ಅಂಟಂಟು, ಸುತ್ತು ಬಿಚ್ಚುತ್ತಾ ಹೋದಷ್ಟೂ ಇನ್ನೊಂದು ಸುತ್ತು, ಎಷ್ಟು ಸುತ್ತಿದ್ದೆ ನಾನು, ಯಾವ ಭಯಕ್ಕೆ, ಅಕ್ಕನ ಉಸಿರು ನನ್ನ ನೆತ್ತಿಯ ಮೇಲೆ, ಏನೋ ಮಾಡ್ತಿದೀಯ, ಎನ್ನುತ್ತಾಳೆ ಮೆಲ್ಲಗೆ, ಅದೂ ಮೈಕಿನಲ್ಲಿ ಸಭೆಗೆಲ್ಲ ಕೇಳುತ್ತದೆ, ಇಳಿಸ್ತಾ ಇದೀನಿ ಅಕ್ಕಾ, ಎನ್ನುತ್ತೇನೆ, ಅದೂ ಕೇಳುತ್ತದೆ, ಅಕ್ಕಾ ಎನ್ನುವುದು ನಾಲ್ಕು ಸ್ಪೀಕರುಗಳಿಂದ ಗೋಡೆಗೆ ಬಡಿದು ವಾಪಸು ಬರುತ್ತದೆ, ಫೈಲಿನ ಬಾಯಿಯಲ್ಲಿ ಪೆಪ್ಪರ್‌ಮಿಂಟು ನಿಂತುಹೋಗಿದೆ. ಅವನು ವೇದಿಕೆಯಿಂದ ಹಾರಿ ನನ್ನ ಮೇಜಿಗೆ ಓಡುತ್ತಾನೆ, ಬಗಲಿನ ನೀಲಿ ಫೈಲು ಕೆಳಗೆ ಬಿದ್ದು ಹಾಳೆಗಳೆಲ್ಲ ಹರಡಿ, ಇಪ್ಪತ್ತು ಗುಂಡಿಯ ಮೇಲೆ ಅವನ ಕೈ ಅಲೆದಾಡುತ್ತದೆ, ಕೆಂಪು ಕಂಡಿತು ಅವನಿಗೆ, ಅಪಾಯದ ಬಣ್ಣ, ಇದೇ ಇರಬೇಕು, ಒಂದೇ ಎಳೆತಕ್ಕೆ ಕೆಳಗೆ. ನೋಡಮ್ಮಾ, ತನಿಖೆ ನಡೀತಾ ಇದೆ, ಎಂದು ಶುರು ಮಾಡಿದ್ದ ದೊಡ್ಡವರ ಬಾಯಿ ಅಲ್ಲಾಡುತ್ತಿದೆ, ಸದ್ದಿಲ್ಲ, ಗುಡುಗೂ ಇಲ್ಲ ಶೀತವೂ ಇಲ್ಲ, ಮೈಕನ್ನು ತಟ್ಟುತ್ತಾರೆ, ಕೈ ಬೀಸುತ್ತಾರೆ, ಹಿಂದಿನ ಸಾಲಿನಲ್ಲಿ ಯಾರೋ, ಮೈಕಿಗೆ ವಯಸ್ಸಾಯ್ತು ನೋಡಿ, ಅಂದರು, ಯಾರೂ ನಗಲಿಲ್ಲ.

ತಿರುಪು ಸಡಿಲವಾಯಿತು. ಇಳಿಸುವ ಮುಂಚೆ ಮೈಕು ನನ್ನ ಬಾಯಿಯ ನೇರಕ್ಕೇ ಇದೆ, ಇಷ್ಟು ವರ್ಷ ಎಲ್ಲರ ಗಂಟಲಿಗೆ ಬೆಲ್ಲ ಹಚ್ಚಿದವನಿಗೆ ತನ್ನದು ಹೇಗಿರುತ್ತದೆ ಎಂದೇ ಗೊತ್ತಿಲ್ಲ, ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಇಸ್ತ್ರಿಯವಳು ಆ ಲಿಫ್ಟಿನ ವಿಷಯ ಕೇಳಿದ್ದಳು, ಅಂದೆ, ಅವಳ ಕೋಟುಗಳು ಬಿದ್ದಿದ್ದವು, ಮೈಕು ಕೆಟ್ಟಿರಲಿಲ್ಲ, ನಾನು ಕೆಡಿಸಿದೆ, ಅವರು ಕನ್ನಡಕ ಒರೆಸಿಕೊಂಡ್ರು, ನಾನು ಕೆಡಿಸಿದೆ, ನನಗೆ ಕೇಳಿಸಿತ್ತು, ನಾನು ಭಾವನಿಗೆ ಹೇಳಲಿಲ್ಲ, ನಾನೇ, ಅಕ್ಕಾ, ನಾನೇ — ಕರ್ಕಶವಾಗಿದೆ ನನ್ನ ಗಂಟಲು, ತುಕ್ಕು ಹಿಡಿದ ತಗಡು. ಅಕ್ಕ ನನ್ನನ್ನು ನೋಡುತ್ತಾಳೆ, ಆ ಮುಖಕ್ಕೆ ಸುದ್ದಿ ಮುಟ್ಟುತ್ತಿರುವುದು ಕಾಣುತ್ತದೆ, ನಿಧಾನವಾಗಿ, ಮೂರನೇ ಮಹಡಿಯಿಂದ ಬಿದ್ದ ಗಂಟಿನ ಸದ್ದಿನ ಹಾಗೆ ಎಷ್ಟೋ ಹೊತ್ತಾದ ಮೇಲೆ. ಗಡಿಯಾರವನ್ನು ಮೊಣಕೈಯಿಂದ ಮಣಿಕಟ್ಟಿಗೆ ಎಳೆದುಕೊಳ್ಳುತ್ತಾಳೆ. ನಿನ್ನ ಜೊತೆ ಮಾತು ಆಮೇಲೆ, ಅಂದಳು. ಮೈಕು ಇಳಿಸು. ಇಳಿಸಿದೆ. ಇನ್ನೂ ಸ್ವಲ್ಪ. ಸಾಕಾ ಅಕ್ಕಾ. ಸಾಕು, ಪಕ್ಕಕ್ಕೆ ನಿಲ್ಲು. ಪಕ್ಕಕ್ಕೆ ನಿಂತೆ, ತಲೆ ಎತ್ತಲಾಗಲಿಲ್ಲ, ನೆಲ ಕಾಣುತ್ತಿತ್ತು, ಅವಳ ಚಪ್ಪಲಿ ಕಾಣುತ್ತಿತ್ತು, ಖಾಲಿ ಹಿಂಭಾಗ, ಸವೆದು ಹೊಳೆಯುವ ಎರಡು ತಗ್ಗು, ಅವುಗಳ ಮೇಲೆ ಗಾಳಿಯಲ್ಲಿ ನಡುಗುತ್ತಿದ್ದ ಹಿಮ್ಮಡಿಗಳು — ಇಳಿದವು, ಮೊದಲು ಎಡದ್ದು, ಆಮೇಲೆ ಬಲದ್ದು, ಇಳಿದು ತಗ್ಗಿನಲ್ಲಿ ಕೂತವು.